ಐದು ಬಾಟಲಿಯ ತಳ

ಬಚ್ಚಲಿನಿಂದ ಹೊರಬಂದ ಅಮ್ಮನ ಮುಖ ಕಂಡು, ಜಡೆ ಹೆಣೆಯುತ್ತಿದ್ದ ಮಗಳ ಕೈ ಅರ್ಧಕ್ಕೇ ನಿಂತಿತು. ಕೆನ್ನೆಗಳು ಬೆಂದ ಹಾಗೆ ಕೆಂಪಾಗಿದ್ದವು. ಮೂಗಿನ ಪಕ್ಕ ಚರ್ಮ ಸುಲಿದು ಒಸರುತ್ತಿತ್ತು. ಬಲಗಣ್ಣು ಊದಿ ಮುಚ್ಚಿಹೋಗಿತ್ತು.

"ಏನಮ್ಮಾ ಇದು? ಏನ್ ಹಚ್ಕೊಂಡೆ?"

"ನಿನ್ನವೇ ಕಣೇ. ಕಪಾಟಿನಲ್ಲಿ ಐದು ಬಾಟಲಿ ಇದ್ವಲ್ಲ, ತಳದಲ್ಲಿ ಚೂರುಪಾರು ಉಳ್ದಿತ್ತು. ಎಲ್ಲಾನೂ ಒಂದಕ್ಕೇ ಬಗ್ಗಿಸ್ದೆ. ಎಲ್ಲಾ ಮುಖಕ್ಕೆ ಒಳ್ಳೇದೇ ತಾನೆ?" ನಗಲು ಹೋದ ಅಮ್ಮನ ತುಟಿ ಬಿರಿಯಿತು. "ಭಾನುವಾರ ನಿಮ್ಮಂಗಡಿಯವರ ಮುಂದೆ ನಿನ್ನಜ್ಜಿ ಥರ ನಿಲ್ಲೋದು ಬೇಡ ಅಂತ."

ಮಗಳು ಕೆಲಸಕ್ಕಿದ್ದ ಸೌಂದರ್ಯವರ್ಧಕಗಳ ಅಂಗಡಿಯವರು ಕೆಲಸದವರ ಮನೆಮಂದಿಯನ್ನೆಲ್ಲ ಊಟಕ್ಕೆ ಕರೆದಿದ್ದರು. ಅಜ್ಜಿ ಥರ ಕಾಣ್ತೀಯ ಎಂದು ಮಗಳೇ ಮೊನ್ನೆ ತಮಾಷೆಗೆ ಅಂದಿದ್ದಳು.

ಅಂಗಡಿಯಲ್ಲಿ ಅವಳು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದಳು: "ಸುಕ್ಕಿಗೆ ಹಚ್ಚೋ ರೆಟಿನಾಲ್ ಹಾಕಿದ ದಿನ ಸತ್ತ ಚರ್ಮ ಸುಲಿಯೋ ಆಸಿಡ್ ಮುಟ್ಟಬೇಡಿ ಮೇಡಂ. ಒಂದೊಂದಾಗಿ ಶುರು ಮಾಡಿ." ಮನೆಯಲ್ಲಿ ಒಂದು ಸಲವೂ ಹೇಳಿರಲಿಲ್ಲ. ಗಿರಾಕಿಗಳಿಗೆ ತೋರಿಸಲು ತೆರೆದ ಬಾಟಲಿಗಳನ್ನು ಮನೆಗೆ ಒಯ್ಯುವ ಹಾಗಿರಲಿಲ್ಲ. ಅದಕ್ಕೇ ತಾನು ತಂದವನ್ನು ಬಿಸಿನೀರಿನಲ್ಲಿ ನೆನೆಸಿ ಲೇಬಲ್ ಕಿತ್ತಿದ್ದಳು.

ಅಮ್ಮನ ತಲೆಯನ್ನು ನಲ್ಲಿಯ ಕೆಳಗೆ ಹಿಡಿದಳು. ಆಮೇಲೆ ಆಟೋ ಹಿಡಿದು ಚರ್ಮದ ಡಾಕ್ಟರ ಬಳಿಗೆ ಓಡಿದಳು.

ಮಗಳು ಆಸಿಡ್ ಎಂದದ್ದೇ ತಡ, ಡಾಕ್ಟರು ಅಮ್ಮನನ್ನು ಮಲಗಿಸಿ, ರೆಪ್ಪೆ ಬಿಡಿಸಿ, ಕಣ್ಣಿಗೆ ನೀರು ಬಿಡುತ್ತಲೇ ಕೇಳಿದರು. "ಯಾವ ಆಸಿಡ್? ಎಷ್ಟು ಪರ್ಸೆಂಟ್?"

ಅಂಗಡಿಯಲ್ಲಿದ್ದ ಆಸಿಡ್ ಎರಡು ಬಗೆ. ಒಂದು ದಿನಾ ಹಚ್ಚುವಂಥದ್ದು, ಇನ್ನೊಂದು ಹತ್ತು ನಿಮಿಷಕ್ಕೆ ತೊಳೆಯಲೇಬೇಕಾದದ್ದು. ಬಾಟಲಿ ಒಂದೇ ಥರ. ತಾನು ತಂದದ್ದು ಯಾವುದೆಂದು ಮಗಳಿಗೇ ನೆನಪಿಲ್ಲ. ಯಾವ ಬಾಟಲಿ ಕಾಣೆಯಾಗಿದೆಯೆಂದು ಬರೆದಿಟ್ಟುಕೊಳ್ಳುವವರು ಅಂಗಡಿಯ ಮ್ಯಾನೇಜರ್ ಒಬ್ಬರೇ.

ಅವಳು ಫೋನ್ ತೆಗೆದಳು.

"ಬೇಡ ಬಿಡೇ," ಎಂದಳು ಅಮ್ಮ, ನೀರಿನ ಕೆಳಗಿನಿಂದಲೇ. "ಕೆಲಸ ಕಳ್ಕೋತೀಯ. ಲೇಬಲ್ ಯಾಕೆ ಕಿತ್ತಿದ್ದೆ ಅಂತ ನಂಗೊತ್ತಿಲ್ವಾ?"

ಮಗಳು ಅಮ್ಮನನ್ನೇ ದಿಟ್ಟಿಸಿದಳು.

"ಬೇಗ," ಎಂದರು ಡಾಕ್ಟರು.

ಫೋನ್ ಸ್ಪೀಕರಿಗೆ ಹಾಕಿದಳು. "ಸರ್, ಕಾಣೆಯಾದ ಆಸಿಡ್ ಬಾಟಲಿ ನಾನೇ ಮನೆಗೆ ತಂದಿದ್ದೆ. ಅದು ಎಷ್ಟು ಪರ್ಸೆಂಟಿಂದು? ಅಮ್ಮನ ಕಣ್ಣಿಗೆ ಹೋಗಿದೆ."

ಆಚೆ ಪುಟ ಮಗುಚುವ ಸದ್ದು. "ಮೂವತ್ತು. ಹತ್ತು ನಿಮಿಷಕ್ಕೆ ತೊಳೆಯೋದು." ಪುಸ್ತಕ ಮುಚ್ಚಿದ ಸದ್ದು. "ಎಷ್ಟು ದಿನದಿಂದ ಒಯ್ತಾ ಇದೀಯಮ್ಮಾ?"

ಡಾಕ್ಟರು ಇನ್ನೊಂದು ನೀರಿನ ಬಾಟಲಿಯ ಮೂತಿ ಮುರಿದರು. "ಕಣ್ಣಿನ ಡಾಕ್ಟರನ್ನ ಕರೀರಿ," ಎಂದು ನರ್ಸಿಗೆ ಕೂಗಿದರು.

ಮಗಳು ಫೋನನ್ನು ಹಾಗೇ ಮೇಜಿನ ಮೇಲಿಟ್ಟು ಅಮ್ಮನ ಕಿವಿಯ ಪಕ್ಕ ತಟ್ಟೆ ಹಿಡಿದಳು. ಫೋನಿನ ಆಚೆ ಮ್ಯಾನೇಜರ್ ಇನ್ನೂ ಕಾಯುತ್ತಿದ್ದರು. ನೀರು ಕೆನ್ನೆಯಿಂದ ಇಳಿದು ತಟ್ಟೆಯಲ್ಲಿ ಮೆಲ್ಲಗೆ ತುಂಬುತ್ತಿತ್ತು.