ಒಪ್ಪಿಕೊಂಡ ಬೋಲ್ಟು

"ಮೇಷ್ಟ್ರೇ, ಆ ಗ್ಯಾಸ್ ಟಾರ್ಚು ಈ ಕಡೆ ಕೊಡೋಕೆ ಹೇಳಿ ಅವನಿಗೆ," ಎಂದ ಅಣ್ಣ.

ತಮ್ಮ ನಾಲ್ಕಡಿ ದೂರದಲ್ಲೇ ಕೂತಿದ್ದ. ಮೇಷ್ಟ್ರು ಇಬ್ಬರನ್ನೂ ನೋಡಿ, "ಶಾಲೇಲಿ ಮಕ್ಕಳ ಠೂ ಬಿಡಿಸಿದ್ದು ಸಾಲದು ಅಂತ ಇಲ್ಲೂ ಅದೇ ಕೆಲಸ ನಂಗೆ," ಎಂದು ಗೊಣಗುತ್ತ ಟಾರ್ಚನ್ನು ದಾಟಿಸಿದರು. ಅಪ್ಪನ ಮನೆ ಪಾಲಾದಂದಿನಿಂದ ಅಣ್ಣ ತಮ್ಮಂದಿರ ನಡುವೆ ಮಾತಿಲ್ಲ. ಎರಡು ವರ್ಷವಾಗಿತ್ತು. ಗ್ಯಾರೇಜು ಮಾತ್ರ ಪಾಲಾಗದೆ ಉಳಿದಿತ್ತು. ಅಲ್ಲಿ ಇಬ್ಬರೂ ಗಿರಾಕಿಗಳ ಬಾಯಿಂದ ಮಾತಾಡುತ್ತಿದ್ದರು.

ಮೇಷ್ಟ್ರ ಬೈಕಿನ ಸೈಲೆನ್ಸರನ್ನು ಎಂಜಿನ್ನಿಗೆ ಬಿಗಿದಿದ್ದ ಎರಡು ಬೋಲ್ಟುಗಳಲ್ಲಿ ಒಂದು ಬಂದಿತ್ತು. ಇನ್ನೊಂದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಹಿಂದಿನ ದಿನದಿಂದ ಎಣ್ಣೆ ಕುಡಿಸಿದ್ದರೂ ಅಲುಗಿರಲಿಲ್ಲ. ಅಣ್ಣ ಅದರ ಸುತ್ತಲಿನ ಲೋಹವನ್ನು ಕಾಯಿಸಿದ. ಸ್ಪ್ಯಾನರ್ ಹಾಕಿ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸುವ ಕಡೆಗೆ ಎಳೆದ. ಈ ಕ್ರಮವನ್ನು ತಮ್ಮನಿಗೆ ಕಲಿಸಿದವನೂ ಅವನೇ. "ಬರೋ ಬೋಲ್ಟು ಜಗಳ ಆಡತ್ತೆ ಕಣೋ. ಕಿರ್ರ್ ಅನ್ನತ್ತೆ, ಕೈಗೆ ಒದೆಯತ್ತೆ. ಸುಮ್ನೆ ಒಪ್ಕೊಂಡು ತಿರುಗ್ತು ಅಂದ್ರೆ ಅಲ್ಲೇ ಕೈ ಬಿಡು. ಅದು ಮುರಿಯೋಕೆ ಹೊರಟಿದೆ," ಎನ್ನುತ್ತಿದ್ದ.

ಎದುರಿಗೆ ರಸ್ತೆ ಒಡೆಯುವ ಯಂತ್ರ ಬೆಳಗ್ಗಿನಿಂದ ಬಡಿಯುತ್ತಿತ್ತು. ಬೋಲ್ಟು ಎಷ್ಟು ಕಿರುಗುಟ್ಟಿದರೂ ಕೇಳುವಂತಿರಲಿಲ್ಲ. ಕೈಯನ್ನೇ ನಂಬಬೇಕಿತ್ತು.

ತಮ್ಮ ನೋಡಿದ್ದು ಆಗ. ಅಣ್ಣನ ಎಡಗೈಯ ಎರಡು ಬೆರಳು, ಈಗಷ್ಟೇ ಕಾಯಿಸಿದ ಜಾಗದ ಮೇಲೆ ಊರಿದ್ದವು. ಚರ್ಮ ಸುಡುವ ವಾಸನೆ ಬರುತ್ತಿತ್ತು. ಅಣ್ಣನ ಮುಖದಲ್ಲಿ ಏನೂ ಇರಲಿಲ್ಲ. ತಿಂಗಳಿಂದ ಅವನ ಅಂಗಿಯ ಗುಂಡಿಗಳು ಯಾಕೆ ಮೇಲೆ ಕೆಳಗಾಗಿರುತ್ತವೆ ಎಂಬುದು ತಮ್ಮನಿಗೆ ಹೊಳೆಯಿತು. ಅಪ್ಪನ ಸಕ್ಕರೆ ಕಾಯಿಲೆಯೂ ಬೆರಳಿನ ಸ್ಪರ್ಶವನ್ನೇ ಮೊದಲು ತಿಂದಿತ್ತು.

"ಮೇಷ್ಟ್ರೇ, ಸ್ವಲ್ಪ ನಿಲ್ಲಿಸೋಕೆ ಹೇಳಿ. ಒಂದ್ಸಲ ನಾನು ಹಿಡೀತೀನಿ."

"ಮೂಗು ಒರೆಸ್ಕೊಳ್ಳೋಕೆ ಬರದವನ ಕೈಗೆ ಸ್ಪ್ಯಾನರ್ ಕೊಟ್ಟಿದ್ದು ಯಾರು ಅಂತ ಕೇಳಿ ಅವನ್ನ. ಪಾಲಲ್ಲಿ ರಸ್ತೆ ಕಡೆ ಕೋಣೆ ಹೊಡ್ಕೊಂಡಷ್ಟು ಸುಲಭ ಅಲ್ಲ ಇದು ಅಂತಾನೂ ಹೇಳಿ."

"ಅಷ್ಟುದ್ದದ್ದೆಲ್ಲ ನಾನು ಹೇಳಲ್ಲಪ್ಪ," ಎಂದು ಮೇಷ್ಟ್ರು ನಕ್ಕರು.

ಸ್ಪ್ಯಾನರ್ ಕಾಲು ಸುತ್ತು ಸರಾಗವಾಗಿ ತಿರುಗಿತು. ಒದೆತವಿಲ್ಲ, ತಡೆಯಿಲ್ಲ. ತಮ್ಮ ಮುಂದೆ ಬಗ್ಗಿ ಕೈ ಚಾಚಿದ್ದರೆ ಅಣ್ಣನ ಮಣಿಕಟ್ಟು ಸಿಗುತ್ತಿತ್ತು. ಅವನು ಚಾಚಲಿಲ್ಲ. ಮುರಿಯಲಿ, ಎಂದುಕೊಂಡ.

"ಬಂತು ನೋಡಿ!" ಅಣ್ಣ ಮೇಷ್ಟ್ರ ಕಡೆ ತಿರುಗಿ ನಗುತ್ತಲೇ ಇನ್ನೊಮ್ಮೆ ಎಳೆದ.

ಬೋಲ್ಟಿನ ತಲೆ ಸ್ಪ್ಯಾನರಿನೊಂದಿಗೆ ಬಂತು. ಮಿಕ್ಕದ್ದು ಎಂಜಿನ್ನಿನೊಳಗೇ ಉಳಿಯಿತು.

ಮೇಷ್ಟ್ರು ಬಗ್ಗಿ ನೋಡಿದರು. ನಗು ಹೋಗಿತ್ತು. ಅಣ್ಣನ ತಲೆಯ ಮೇಲಿಂದ ತಮ್ಮನಿಗೆ, "ಇನ್ಮೇಲೆ ನನ್ನ ಗಾಡಿ ನೀವೇ ನೋಡಿ," ಎಂದು ಹೇಳಿ, ಆಟೋ ಹುಡುಕಲು ಹೊರಗೆ ಹೋದರು.

ಇಬ್ಬರೇ ಉಳಿದರು. ಅಣ್ಣ ಮುರಿದ ತಲೆಯನ್ನು ಅಂಗೈಯಲ್ಲಿಟ್ಟುಕೊಂಡು ಹೊರಳಿಸಿ ನೋಡುತ್ತಿದ್ದ.

"ಅಣ್ಣ," ಎಂದ ತಮ್ಮ. ದನಿ ಅವನಿಗೇ ಹೊಸದಾಗಿ ಕೇಳಿಸಿತು. "ಕೈ ತೋರ್ಸು."

ಅಣ್ಣ ಬೆರಳುಗಳನ್ನು ನೋಡಿಕೊಂಡ. ತುದಿಯ ಚರ್ಮ ಬೆಳ್ಳಗೆ ಸುಲಿದು ಜೋತಿತ್ತು. ಬೇರೆ ಯಾರದೋ ಕೈಯನ್ನು ನೋಡುವಂತೆ ಒಂದು ಗಳಿಗೆ ನೋಡಿ, ಅದನ್ನು ಒರೆಸುವ ಬಟ್ಟೆಯೊಳಗೆ ಸೇರಿಸಿದ.

"ಮೇಷ್ಟ್ರೇ," ಎಂದ, ತಲೆ ಎತ್ತದೆ. "ಕೈಗೇನೂ ಆಗಿಲ್ಲ ಅಂತ ಹೇಳಿ ಅವನಿಗೆ."

ಬೆಂಚಿನ ಮೇಲೆ ಮೇಷ್ಟ್ರು ಮರೆತು ಹೋದ ಹೆಲ್ಮೆಟ್ಟು ಬೋರಲಾಗಿ ಬಿದ್ದಿತ್ತು.