ಮೂರನೇ ಬಡಿತ

"ದೂರ ನಿಂತ್ಕೊಂಡು ಹಾಡೋ, ಸೂಳೆಮಗನೆ! ನಿನ್ನ ಗಬ್ಬು ನನ್ನ ಟೀ ಲೋಟಕ್ಕೆ ಬೀಳ್ತಿದೆ."

ಚರಂಡಿ ವಿಭಾಗದ ಸಾಹೇಬರು ಕರವಸ್ತ್ರದೊಳಗಿಂದಲೇ ಗುಡುಗಿದರು. ಬಡುಕ ಎರಡು ಹೆಜ್ಜೆ ಹಿಂದೆ ಸರಿದ. ಸೊಂಟದವರೆಗಿನ ರಾಡಿ ಒಣಗಿ, ಹಕ್ಕಳೆ ಹಕ್ಕಳೆಯಾಗಿ ಟೈಲ್ಸ್ ಮೇಲೆ ಉದುರಿತು. ಬಾಯಲ್ಲೇ ಡೋಲು ಬಡಿಯುತ್ತಾನೆಂದು ಓಣಿಯವರು ಅವನನ್ನು ಬಾಯ್ಬಡುಕ ಎಂದಿದ್ದರು. ಬಾಯಿ ಸವೆದು ಬಡುಕ ಉಳಿದಿತ್ತು.

ಅವನಿಗೆ ಗುರು ಇರಲಿಲ್ಲ, ಗುಂಡಿ ಇತ್ತು. ಚಿಕ್ಕಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಚರಂಡಿಯ ಗುಂಡಿಗಿಳಿದರೆ, ಮೇಲೆ ಹಗ್ಗ ಹಿಡಿದ ಇವನು ಕಬ್ಬಿಣದ ಮುಚ್ಚಳಕ್ಕೆ ಸಲಾಕೆಯಿಂದ ಬಡಿಯಬೇಕು. ಟಣ್, ಟಣ್. ಇದೀಯಾ? ಕೆಳಗಿನಿಂದ ಬಕೆಟ್ಟಿನ ಸದ್ದು. ಇದೀನಿ. ಮೂರು ಸಲ ಕೇಳಿದರೂ ಉತ್ತರ ಬರಲಿಲ್ಲವೋ, ನಾಲ್ಕನೆಯದಕ್ಕೆ ಕಾಯುವಂತಿಲ್ಲ, ಎಳೆಯಬೇಕು. ಬಡಿತಕ್ಕೂ ಉತ್ತರಕ್ಕೂ ನಡುವಿನ ಆ ಖಾಲಿ ಜಾಗಕ್ಕೆ ಅವನು ಮಾತು ತುರುಕತೊಡಗಿದ. ಮಾತು ಲಯ ಹಿಡಿಯಿತು. ಅದಕ್ಕೆ ರ‍್ಯಾಪ್ ಅನ್ನುತ್ತಾರೆಂದು ಒಡೆದ ಫೋನು ಆಮೇಲೆ ಹೇಳಿಕೊಟ್ಟಿತು. ಈಗ ಒಂದೇ ಆಸೆ: ನಿಜವಾದ ಮೈಕಿನಲ್ಲಿ, ಗುಂಡಿಯ ಹಾಡು, ಪೂರ್ತಿ.

ಮೈಕು ಸಾಹೇಬರ ಬಳಿ ಇತ್ತು. ಶುಚಿತ್ವ ಸಮಾರಂಭಕ್ಕೆ ಮಂತ್ರಿ ಬರುವವರಿದ್ದರು.

"ಹೇಲು ಅನ್ಬೇಡ. ತ್ಯಾಜ್ಯ ಅನ್ನು."

"ತ್ಯಾಜ್ಯ ಅಂದ್ರೆ ನಾತ ಹೋಗುತ್ತಾ ಸಾ?"

"ನಂಗೇ ಪಾಠ ಹೇಳ್ತೀಯೇನೋ? ಗುಂಡಿಗಿಳಿಯೋ ಸಾಲೂ ತೆಗಿ. ನಮ್ಮಲ್ಲಿ ಯಾರೂ ಇಳಿಯಲ್ಲ. ಎಲ್ಲಾ ಮಿಷನ್ನೇ."

"ಅಯ್ಯೋ, ಗೊತ್ತಿದ್ರೆ ಚಿಕ್ಕಪ್ಪನ ಕೀಲಿಗೆ ಎಣ್ಣೆ ಬಿಡ್ತಿದ್ದೆ ಸಾ."

ಸಾಹೇಬರು ಹಾಡಿನ ಹಾಳೆಯ ಮೇಲೆ ಒಂದೊಂದೇ ಸಾಲನ್ನು ಹೊಡೆದುಹಾಕುತ್ತಾ ಹೋದರು. ಹಾಡಿನಲ್ಲಿ ಉಳಿದದ್ದು 'ನಗರ ಹೊಳೆಯಲಿ, ನಾವೆಲ್ಲ ಒಂದೇ' ಅನ್ನುವ ಅವರದೇ ಸಾಲು. ಬಡುಕ ತಲೆಯಾಡಿಸಿದ.

"ಒಪ್ಕೊಂಡ್ಯಾ?" ನಲ್ಲಿಯ ಕೆಳಗೆ ಕೂತು ಉಗುರೊಳಗಿನದನ್ನು ಕಡ್ಡಿಯಿಂದ ಕೆದಕುತ್ತಿದ್ದ ಚಿಕ್ಕಪ್ಪ ಕೇಳಿದ.

"ಮೈಕ್ ಕೊಡ್ತಾರೆ, ಚಿಕ್ಕಪ್ಪ."

"ನಂಗೂ ಒಂಬತ್ತು ವರ್ಷದಿಂದ ಟಾರ್ಚ್ ಕೊಡ್ತಾನೇ ಇದಾರೆ ಬಿಡು."

ಸಮಾರಂಭದ ದಿನ ಜವಾನ ಬಡುಕನನ್ನು ಗೋಡೆಗೆ ನಿಲ್ಲಿಸಿ, ಸೊಳ್ಳೆಗೆ ಹೊಡೆಯುವಂತೆ ಹಿಂದೆ ಮುಂದೆ ಸೆಂಟು ಹೊಡೆದ. ಫೋಟೋಗೆಂದು ಹೊಸ ಕೈಗವಸು ತೊಡಿಸಿ, ಕ್ಲಿಕ್ಕಾದೊಡನೆ ಬಿಚ್ಚಿಸಿಕೊಂಡ. ಸಭಾಂಗಣದಲ್ಲಿ ಅರ್ಧ ಕುರ್ಚಿಗಳು ಖಾಲಿ ಇದ್ದವು. ಕುರ್ಚಿಗಳ ಬಿಳಿ ಹೊದಿಕೆ ಕೊಳೆಯಾಗುತ್ತದೆಂದು ಚಿಕ್ಕಪ್ಪನನ್ನೂ ಜೊತೆಯವರನ್ನೂ ಹಿಂದಿನ ಬಾಗಿಲ ಬಳಿ ನಿಲ್ಲಿಸಿದ್ದರು. ವೇದಿಕೆಯ ಮೇಲೆ ಬಡುಕ ಬಂದೊಡನೆ, ಸೆಂಟಿನ ಮೇಲೂ, ಮುಂದಿನ ಸಾಲಿನಲ್ಲಿದ್ದ ಸಾಹೇಬರ ಕರವಸ್ತ್ರ ಮೂಗಿಗೇರಿತು.

ಅದನ್ನು ನೋಡಿದ್ದೇ ಬಡುಕ ಮೈಕನ್ನು ಕೈಗೆತ್ತಿಕೊಂಡ. ಬಾಯಿ ತೆರೆದರೆ ಹೊರಬಂದದ್ದು ಸಾಹೇಬರ ದನಿ, ಕರವಸ್ತ್ರದ ಗೊಣಗಿನ ಸಮೇತ: "ದೂರ ನಿಂತ್ಕೊಂಡು ಹಾಡೋ, ಸೂಳೆಮಗನೆ!"

ಮಂತ್ರಿ ಕಿಸಕ್ಕನೆ ನಕ್ಕರು. ಬಡುಕ ಬಿಡಲಿಲ್ಲ.

"ನೀನು ಫ್ಲಶ್ ಎಳೆದೆ, ಅವ್ನು ಉಸಿರೆಳೆದ,
ನೀನು ಕೈ ತೊಳೆದೆ, ಅವ್ನು ಕಣ್ ಕಳೆದ,
ನಿನ್ ಹೇಲಲ್ಲಿ ಕತ್ತಿನ್ಮಟ ಚಿಕ್ಕಪ್ಪ,
ಮೂಗು ಮುಚ್ಕೊಳ್ಳೋದು ನೀನ್ಯಾಕಪ್ಪ?"

ಸಾಹೇಬರು ಕೈ ಬೀಸಿದರು. ಮೈಕು ಸತ್ತಿತು.

ಬಡುಕ ಸತ್ತ ಮೈಕಿನಿಂದಲೇ ವೇದಿಕೆಯ ಕಬ್ಬಿಣದ ಕಂಬಕ್ಕೆ ಬಡಿದ. ಟಣ್, ಟಣ್. ಮುಂದಿನ ಸಾಲಿನತ್ತ ಕಿವಿಗೊಟ್ಟ. ಯಾರೂ ಮಿಸುಕಲಿಲ್ಲ. ಟಣ್, ಟಣ್. ಒಬ್ಬರು ಗಡಿಯಾರ ನೋಡಿಕೊಂಡರು. ಟಣ್, ಟಣ್. ಹಿಂದಿನ ಬಾಗಿಲಲ್ಲಿ ಚಿಕ್ಕಪ್ಪ ಬೆರಳು ಮಡಚುತ್ತಿದ್ದ. ಮೂರಾಯಿತು.

"ಎಳಿಯೋ!" ಚಿಕ್ಕಪ್ಪ ಕೂಗಿದ.

ಬಡುಕ ಮೈಕಿನ ವೈರನ್ನು ಮುಂಗೈಗೆ ಸುತ್ತಿ, ಕಾಲು ಅಡ್ಡಗೊಟ್ಟು ಎಳೆದ. ಅದು ಗಣ್ಯರ ಮೇಜಿನಡಿ ಹಾದು, ಸಾಹೇಬರ ಕುರ್ಚಿಯ ಕಾಲಿಗೆ ಸಿಕ್ಕಿಕೊಂಡಿತ್ತು. ನೀರಿನ ಬಾಟಲಿಗಳು ಉರುಳಿದವು. ಹಿಂದಿದ್ದವರು ಬಿಳಿ ಕುರ್ಚಿಗಳನ್ನು ತುಳಿದುಕೊಂಡೇ ಬಂದು, ಬಡುಕನ ಬೆನ್ನಿಗೆ ನಿಂತು ವೈರಿಗೆ ಕೈ ಹಾಕಿದರು. ಕರವಸ್ತ್ರ ಮೂಗಿಗೆ ಒತ್ತಿಕೊಂಡಿದ್ದ ಸಾಹೇಬರು ಕುರ್ಚಿ ಸಮೇತ ಗೇಣು ಗೇಣಾಗಿ ಇತ್ತ ಜರುಗತೊಡಗಿದರು.

"ಭಾರ ಇದೆ, ಚಿಕ್ಕಪ್ಪ."

"ಸತ್ತೋರು ಹಾಗೇ ಕಣೋ. ಎಳಿ."