ಊರಿಗೆಲ್ಲ ನಿದ್ದೆ

“ಸ್ವಲ್ಪ ಮೆತ್ತಗೆ ಮಾತಾಡ್ರೀ, ಸಾವಿನ ಮನೆ ಇದು,” ಎನ್ನುತ್ತಾ ಅವಳ ತಮ್ಮ ಬಾಯ್ಲರ್ ಕಾರ್ಖಾನೆಯವರನ್ನೆಲ್ಲ ಹಜಾರದಿಂದ ಅಂಗಳಕ್ಕೆ ಸಾಗಹಾಕುತ್ತಿದ್ದ.

“ಮೆತ್ತಗೇ ಮಾತಾಡ್ತಿರೋದು ಸ್ವಾಮಿ,” ಎಂದ ಮೇಸ್ತ್ರಿ, ಬೀದಿಯ ತುದಿಗೆ ಕೇಳುವಂತೆ. “ನಮ್ಮ ಜೋರು ನೀವಿನ್ನೂ ಕೇಳಿಲ್ಲ.”

ಗಂಡನ ದೇಹದ ಪಕ್ಕ ಕೂತಿದ್ದ ಅವಳಿಗೆ, ಆ ಹೊತ್ತಿನಲ್ಲೂ, ನಗು ಬಂತು. ಅರ್ಧ ಆಯಸ್ಸನ್ನು ಕಬ್ಬಿಣದ ಹಂಡೆಗಳ ಹೊಟ್ಟೆಯೊಳಗೆ ಕೂತು ಸುತ್ತಿಗೆ ಬಡಿದು ಕಳೆದವರು. ಪಿಸುಮಾತು ಅವರ ಪಾಲಿಗೆ ಎಂದೋ ತೀರಿಹೋಗಿತ್ತು. ಗಂಡನೂ ಅವರಲ್ಲೊಬ್ಬ. ಅಲ್ಲಿ ಅವನ ಅಡ್ಡಹೆಸರು ಜೀರುಂಡೆ. ನಿದ್ದೆಯಲ್ಲೇ ಹೋಗಿದ್ದ, ನೋವಿಲ್ಲದೆ. ಮುಖ ಈಗಲೂ ಏನೋ ಒಂದು ಸಣ್ಣ ತಮಾಷೆ ಕೇಳಿದವನ ಹಾಗಿತ್ತು.

ಬೌದ್ಧ ವಿಹಾರದಿಂದ ಬಂದ ಸನ್ಯಾಸಿನಿಯರು, ಭಿಕ್ಕುಣಿಯರು, ಗಾಥೆ ಪಠಿಸಲು ಶುರುಮಾಡಿದಾಗ ಮಗಳು ಬಂದು ಅವಳ ಸೆರಗು ಜಗ್ಗಿ ಅಡುಗೆಮನೆಗೆ ಕರೆದೊಯ್ದಳು.

“ಅಮ್ಮ, ಇವತ್ತೇ ಹೇಳಬಾರದಿತ್ತು. ಆದ್ರೂ ಹೇಳ್ತೀನಿ. ಎಲ್ಲ ಮುಗಿದ ಮೇಲೆ ನಾನು ನಿನ್ನ ಅಳಿಯನ ಜೊತೆ ಹೋಗಲ್ಲ. ಇಲ್ಲೇ ಇರ್ತೀನಿ.”

“ಯಾಕೆ? ಹೊಡೆದನಾ?”

“ಹೊಡೆದಿದ್ರೆ ತಿರುಗಿ ಹೊಡೀತಿದ್ದೆ. ಮಾತಾಡಿಸಿದ್ರೆ ಸಿಡುಕ್ತಾರೆ. ಹಾಸಿಗೆ ಬಿಟ್ಟು ರೇಡಿಯೋ ಪಕ್ಕ ಮಲಗ್ತಾರೆ. ನಾನಂದ್ರೆ ಆಗಲ್ಲ ಅವರಿಗೆ, ಅಷ್ಟೇ. ನೋಡು, ಅಪ್ಪ ಹೋಗಿದಾರೆ, ಒಂದು ಗಳಿಗೆ ಪಕ್ಕ ನಿಲ್ಲಲಿಲ್ಲ.”

ಅವಳು ಹಿತ್ತಿಲ ಬಾಗಿಲಿಂದ ಇಣುಕಿದಳು. ಗಂಡನ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದ ಅಳಿಯ ತೊಟ್ಟಿಯ ಬಳಿ ನಿಂತಿದ್ದ. ನಲ್ಲಿ ಪೂರ್ತಿ ಬಿಟ್ಟಿತ್ತು. ಕೈ ತೊಳೆಯುತ್ತಿರಲಿಲ್ಲ, ಬಿಂದಿಗೆ ಹಿಡಿದಿರಲಿಲ್ಲ. ಸುಮ್ಮನೆ ಬೀಳುವ ನೀರಿನತ್ತ ತಲೆ ಬಗ್ಗಿಸಿ ನಿಂತಿದ್ದ.

ಈ ನಿಲುವನ್ನು ಅವಳು ಹಿಂದೆಯೂ ಕಂಡಿದ್ದಳು.

*

ಮಗಳಿನ್ನೂ ಮಗುವಾಗಿದ್ದಾಗ, ಅದು ಶುರುವಾದ ಸಂಜೆ, ಗಂಡ ಮನೆಗೆ ಬಂದವನೇ ಬೀರುವನ್ನು ಗೋಡೆಯಿಂದ ಎಳೆದಿದ್ದ. ಆಮೇಲೆ ಮಂಚವನ್ನು.

“ಜೀರುಂಡೆ ಹೊಕ್ಕಿದೆ ಕಣೇ. ಇಲ್ಲೇ ಎಲ್ಲೋ.”

ಅವಳೂ ಪೊರಕೆ ಹಿಡಿದು ಹುಡುಕಿದಳು. ಸಿಗುವುದಾದರೂ ಹೇಗೆ, ಅದು ಹೊಕ್ಕಿದ್ದು ಅವನ ಕಿವಿಗೆ.

ಸುತ್ತಿಗೆ ಸದ್ದಿಗೆ ಕೆಟ್ಟ ಕಿವಿ ತಾನೇ ಹಾಗೆ ಕೂಗುತ್ತದೆ, ಮದ್ದಿಲ್ಲ ಎಂದರು ಡಾಕ್ಟರು. ಹೆಂಡತಿಯ ಮಾತು ಮುಳ್ಳಾಯಿತು, ಮಗುವಿನ ನಗು ಮುಳ್ಳಾಯಿತು. ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅದರ ಸದ್ದಿನ ಮರೆಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದ. ಈ ಕಿವಿಗೆ ಮೊಳೆ ಹೊಡೆದುಕೊಳ್ಳುತ್ತೇನೆ ಎಂದ ದಿನ ಅವಳು ಮನೆಯ ಸುತ್ತಿಗೆಯನ್ನು ಬಟ್ಟೆಗಂಟಿನಡಿ ಬಚ್ಚಿಟ್ಟಳು.

ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಸಣ್ಣದೊಂದು ಬೌದ್ಧ ವಿಹಾರ. ಅಲ್ಲಿ ಯಾರೂ ಮಾತಾಡುವುದಿಲ್ಲವಂತೆ ಎಂದು ಕೇಳಿ ಹೋದ. ಮಾತಿಲ್ಲದ ಕಡೆ ಜೀರುಂಡೆ ಇನ್ನೂ ಜೋರಾಯಿತು. ಎದ್ದು ಹೊರಟವನನ್ನು ವಯಸ್ಸಾದ ಭಿಕ್ಕುಣಿಯೊಬ್ಬರು ಬಾಗಿಲಲ್ಲಿ ತಡೆದರಂತೆ.

“ಅದು ಹೋಗಲಿ ಅಂತ ಕೂತಿದ್ಯಾ?”

“ಮತ್ತಿನ್ಯಾಕೆ ಕೂರ್ಲಿ ಅಮ್ಮ?”

“ನಾವು ಧ್ಯಾನಕ್ಕೆ ಕೂತು ಮೈಮರೆತಾಗ ಎಚ್ಚರಿಸೋಕೆ ಇಲ್ಲಿ ಒಬ್ಬರು ಗಂಟೆ ಬಾರಿಸ್ಬೇಕು. ನಿನ್ನದು ತಾನೇ ಬಾರಿಸ್ಕೊಳ್ಳುತ್ತೆ. ಕೇಳಿಸಿದಾಗೆಲ್ಲ ಒಂದು ಉಸಿರು ನೋಡು. ಇದೇ ಸದ್ದಲ್ಲಿ ಹೊರಳಾಡ್ತಿರೋರು ಊರಲ್ಲಿ ಎಷ್ಟು ಜನವೋ. ಅವರಿಗೆ ನಿದ್ದೆ ಬರಲಿ ಅಂದ್ಕೋ.”

ಅವನು ಬಂದು ಹೇಳಿದಾಗ ಅವಳಿಗೆ ಮೈ ಉರಿಯಿತು. “ಚೆನ್ನಾಗಿದೆ. ತನಗೇ ನಿದ್ದೆ ಇಲ್ಲ, ಊರಿಗೆಲ್ಲ ನಿದ್ದೆ ದಾನ.”

ಗಂಡ ಅವಳ ಮುಖ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಮನೆಯಲ್ಲಿ ನಗು ಕೇಳಿ ಬಹಳ ಕಾಲವಾಗಿತ್ತು.

ಒಂದೇ ದಿನಕ್ಕೆ ಆದದ್ದಲ್ಲ. ಕೂತ, ಎದ್ದ, ಬೈದ, ಮತ್ತೆ ಕೂತ. ಬರಬರುತ್ತಾ ಸಿಟ್ಟು ಗಂಟಲಿಗೆ ಬಂದಾಗ ತಲೆ ಕೊಂಚ ವಾಲಿಸಿ, ಯಾರೋ ಬಾಗಿಲು ತಟ್ಟಿದರೇನೋ ಎಂಬಂತೆ ಕಿವಿಗೊಡುತ್ತಿದ್ದ, ಆಮೇಲಷ್ಟೇ ಮಾತು. “ಸದ್ದು ಒಂದು, ಸದ್ದಿನ ಜೊತೆ ಜಗಳ ಇನ್ನೊಂದು,” ಎಂದಿದ್ದ ಒಮ್ಮೆ. “ಸದ್ದು ನನ್ನ ಕೈಲಿಲ್ಲ ಕಣೇ. ಜಗಳ ಬಿಟ್ಟೆ.”

*

“ನಲ್ಲಿ ನಿಲ್ಲಿಸಪ್ಪ.”

ಅಳಿಯ ನಿಲ್ಲಿಸಿದ. ನೀರು ನಿಂತ ಕೂಡಲೇ ಅವನ ಮುಖ ಹಿಂಡಿದಂತಾದದ್ದನ್ನು ಅವಳು ಕಂಡಳು.

“ಯಾವತ್ತಿಂದ?”

“ಏನತ್ತೆ?”

“ಜೀರುಂಡೆ.”

ಅವನು ತೊಟ್ಟಿಯ ಅಂಚಿನ ಮೇಲೆ ಕೂತುಬಿಟ್ಟ. “ನಾಲ್ಕೈದು ತಿಂಗಳಾಯ್ತು. ಮಾವನ್ನ ಕೇಳೋಣ ಅಂತಿದ್ದೆ. ಇವತ್ತು ನಾಳೆ ಅಂತ ತಳ್ಳಿದೆ.”

“ಅವಳಿಗೆ ಹೇಳಿಲ್ವಾ?”

“ತಲೆ ಕೆಟ್ಟಿದೆ ಅಂದ್ಕೋತಾಳೆ.”

“ಈಗ ಮನಸ್ಸೇ ಕೆಟ್ಟಿದೆ ಅಂದ್ಕೊಂಡಿದಾಳೆ. ನಿನ್ನ ಜೊತೆ ವಾಪಸ್ ಬರಲ್ಲ ಅಂತ ಕೂತಿದಾಳೆ.”

ಅಳಿಯನ ಕೈ ಮತ್ತೆ ನಲ್ಲಿಯತ್ತ ಹೋಯಿತು. ಇವನಿಗೆ ಹೇಳಬೇಕಾದವನು ಒಳಗೆ ತಣ್ಣಗೆ ಮಲಗಿದ್ದಾನೆ. ತಾನೋ ಒಂದು ದಿನವೂ ಕಣ್ಣು ಮುಚ್ಚಿ ಕೂತವಳಲ್ಲ, ಕೂತವನನ್ನು ಆಡಿಕೊಂಡವಳು. ಆದರೆ ಹೇಳದೆ ಬಿಟ್ಟರೆ ಗಂಡ ಪಟ್ಟ ಪಾಡೆಲ್ಲ ಅವನ ಜೊತೆಗೇ ಬೂದಿಯಾಗುತ್ತದೆ.

“ನೋಡು, ನನಗೆ ಗಾಥೆ ಬರಲ್ಲ, ಧ್ಯಾನ ಬರಲ್ಲ. ಪಕ್ಕದಲ್ಲಿ ಬಾಳಿದವಳಿಗೆ ಎಷ್ಟು ಗೊತ್ತೋ ಅಷ್ಟು ಹೇಳ್ತೀನಿ. ಅದನ್ನ ಓಡಿಸೋಕೆ ಹೋಗ್ಬೇಡ. ಓಡಿಸೋಕೆ ಹೋದ್ರೆ ಮನೆಯವರು ಓಡಿಹೋಗ್ತಾರೆ, ಅದು ಮಾತ್ರ ಅಲ್ಲೇ ಇರುತ್ತೆ. ಕೂಗ್ತಾ? ಸರಿ. ಒಂದು ಉಸಿರು ಎಳ್ಕೋ. ನಿನ್ನ ಹಾಗೇ ನರಳ್ತಿರೋ ಒಬ್ಬರನ್ನ ನೆನೆಸ್ಕೊಂಡು, ಅವರಿಗೆ ನಿದ್ದೆ ಬರಲಿ ಅನ್ನು.”

“ಅಷ್ಟೇನಾ?”

“ಅಷ್ಟೇನಾ ಅಂತ ನಾನೂ ನಗ್ತಿದ್ದೆ.”

“ಯಾರನ್ನ ನೆನೆಸ್ಕೊಳ್ಳಲಿ?”

ಅಂಗಳದಿಂದ ಮೇಸ್ತ್ರಿಯ ಪಿಸುಮಾತು ಮನೆಯನ್ನೇ ದಾಟಿ ಬಂತು: “ನಮ್ಮ ಜೀರುಂಡೆ ಪಕ್ಕ ಕೂತ್ರೆ ನನ್ನ ಕಿವಿನೂ ತಣ್ಣಗಾಗ್ತಿತ್ತು ಕಣಯ್ಯ.”

ಅಳಿಯ ತಲೆಯೆತ್ತಿದ. “ಮೇಸ್ತ್ರಿಗೂ ಇದೆಯಾ?”

“ಅಲ್ಲಿ ಕೂತಿರೋರಲ್ಲಿ ಮುಕ್ಕಾಲು ಜನಕ್ಕಿದೆ. ಹೇಳ್ಕೊಳ್ಳೋಕೆ ನಾಚಿಕೆ. ನಿನ್ನ ಹಾಗೇ.”

ಅವನು ಕಣ್ಣು ಮುಚ್ಚಿದ. ತುಟಿಗಳು ಅಲುಗಿದವು. ಒಳಗಿನಿಂದ ಗಾಥೆಯ ಧ್ವನಿ ಅಲೆಯಲೆಯಾಗಿ ಬರುತ್ತಿತ್ತು. ಬಿಗಿದಿದ್ದ ಭುಜ ತುಸು ಇಳಿಯಿತು.

“ಹೋಯ್ತಾ?” ಎಂದಳು ಅವಳು, ತಡೆಯಲಾರದೆ.

“ಇಲ್ಲ ಅತ್ತೆ. ಇದೆ.” ಕಣ್ಣು ತೆರೆದು ಹೇಳಿದ, “ಇರ್ಲಿ.”

“ಹೋಗು, ಅವಳಿಗೆ ಹೇಳು.”

*

ದೇಹ ಹೊತ್ತ ವ್ಯಾನಿನ ಹಿಂದೆ ಬಸ್ಸು ಹೊರಟಿತು. ಕಾರ್ಖಾನೆಯವರು ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತಿದ್ದರು. ತಮ್ಮ ಅವರನ್ನು ತಡೆಯುವುದನ್ನು ಬಿಟ್ಟುಕೊಟ್ಟಿದ್ದ. ಅವಳು ಹಿಂದಕ್ಕೆ ತಿರುಗಿದಳು.

ಕೊನೆಯ ಸೀಟಿನಲ್ಲಿ ಮಗಳು ಅತ್ತು ಕೆಂಪಾದ ಮುಖವನ್ನು ವಾಲಿಸಿ, ಗಂಡನ ಕಿವಿಗೆ ತನ್ನ ಕಿವಿಯನ್ನು ಒತ್ತಿ ಕೂತಿದ್ದಳು.

“ಏನೂ ಕೇಳಿಸ್ತಿಲ್ಲ ರೀ.”

“ನಿಂಗೆ ಕೇಳಿಸಲ್ಲ ಕಣೇ.”

“ಸುಮ್ನಿರಿ ಸ್ವಲ್ಪ. ಕೇಳ್ತಿದೀನಿ.”

ಬಸ್ಸು ಗುಂಡಿಗಿಳಿದು ಎದ್ದಿತು. ಎರಡು ತಲೆಗಳೂ ಒಟ್ಟಿಗೇ ಕುಲುಕಿದವು. ಮಗಳು ಕಿವಿ ತೆಗೆಯಲಿಲ್ಲ.